ಕೋಚ್ ಎಂಬವರು ಕೇಳಬೇಕೇ, ಹೇಳಬೇಕೇ?

ಮೂಡುಬಿದಿರೆ ಕಡೆಯವರಿಗೆ 'ಕೋಚಿಂಗ್' ಎಂಬ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಚೌಟ ಅರಸರ ರಾಜಧಾನಿಯಾಗಿದ್ದ ಪುತ್ತಿಗೆಯ ಆಸುಪಾಸಿನಲ್ಲಿ ಇಂದು ಕಾಲೇಜು, ಹಾಸ್ಟೆಲುಗಳದ್ದೇ ಭರಾಟೆ. ಘಟ್ಟದ ಮೇಲಿನ ಜಿಲ್ಲೆಗಳಿಂದಲೂ ಮಕ್ಕಳು ಬಂದು ಇಲ್ಲಿ ಓದುತ್ತಾರೆ. ಸ್ವರಾಜ್ಯ ಮೈದಾನದ ಟ್ರ್ಯಾಕ್‌ನಲ್ಲಿ ಓಟದ ಅಭ್ಯಾಸ ನಡೆಯುತ್ತದೆ. ಆದ್ದರಿಂದ ಇಲ್ಲಿ ಕೋಚ್ ಎಂದರೆ ಒಂದೋ ವಿಸಿಲ್ ಊದಿ ಓಡಿಸುವವರು, ಇಲ್ಲವೇ ನೀಟ್, ಸಿಇಟಿ ಪರೀಕ್ಷೆಗೆ ಪಾಠ ಹೇಳುವವರು.

ಈಚಿನ ವರ್ಷಗಳಲ್ಲಿ ಮೂರನೆಯ ಬಗೆಯ ಕೋಚ್ ಬಂದಿದ್ದಾರೆ. ಇವರು ಓಡಿಸುವುದೂ ಇಲ್ಲ, ಪಾಠ ಹೇಳುವುದೂ ಇಲ್ಲ. 'ಲೈಫ್ ಕೋಚ್', 'ವೆಲ್‌ನೆಸ್ ಕೋಚ್', 'ಪೇರೆಂಟಿಂಗ್ ಕೋಚ್' ಎಂದು ಹೆಸರು. ಫೋನಿನಲ್ಲಿ ಮಾತನಾಡುತ್ತಾರೆ, ಗಂಟೆಗೆ ಇಷ್ಟೆಂದು ಶುಲ್ಕ ಪಡೆಯುತ್ತಾರೆ. ಓದಿನಲ್ಲಿ ಮನಸ್ಸಿಲ್ಲದ ಮಗ, ತೂಕ ಇಳಿಯದ ಅಮ್ಮ, ಕಚೇರಿಯ ಒತ್ತಡದಿಂದ ಬೇಸತ್ತ ಮನೆಯ ಯಜಮಾನರು, ಎಲ್ಲರಿಗೂ ಒಬ್ಬೊಬ್ಬ ಕೋಚ್ ಸಿಗುತ್ತಾರೆ. ಇವರಿಂದ ಆರೋಗ್ಯಕ್ಕೆ ಉಪಯೋಗವುಂಟೇ? ಇವರನ್ನು ನಂಬಬಹುದೇ? ಇದಕ್ಕೆ ಉತ್ತರ ಬೇಕಾದರೆ ಈ ವೃತ್ತಿ ಯಾವ ವಿಚಾರದ ಮೇಲೆ ನಿಂತಿದೆ, ಅದರ ಧರ್ಮವೇನು ಎಂಬುದನ್ನು ತಿಳಿಯಬೇಕು.

ಬಂಡಿಯಿಂದ ಬಂದ ಶಬ್ದ

ಹಂಗೇರಿ ದೇಶದಲ್ಲಿ ಕೋಚ್ ಎಂಬ ಹಳ್ಳಿಯಿದೆ. ಸುಮಾರು 15ನೆಯ ಶತಮಾನದಲ್ಲಿ ಅಲ್ಲಿನ ಬಡಗಿಗಳು ಮಾಡುತ್ತಿದ್ದ ಕುದುರೆ ಬಂಡಿಗಳು ಯುರೋಪಿನಲ್ಲೆಲ್ಲ ಹೆಸರಾದವು. ಊರಿನ ಹೆಸರೇ ಬಂಡಿಯ ಹೆಸರಾಯಿತು. ನಮ್ಮ ರೈಲಿನ ಕೋಚ್ ಕೂಡ ಅದೇ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ಪರೀಕ್ಷೆ ದಾಟಿಸುವ ಖಾಸಗಿ ಪಾಠದವರನ್ನು ತಮಾಷೆಗೆ 'ಕೋಚ್' ಎಂದು ಕರೆಯತೊಡಗಿದರು. ಆಮೇಲೆ ಆ ಹೆಸರು ಆಟದ ಮೈದಾನಕ್ಕೂ ಹೋಯಿತು.

ಬಂಡಿಯ ಹೋಲಿಕೆ ಚೆನ್ನಾಗಿದೆ. ಬಂಡಿ ಹತ್ತುವವರು ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ, ಬಂಡಿಯವರು ಅಲ್ಲಿಗೆ ಕರೆದೊಯ್ಯುತ್ತಾರೆ. ಕಾರ್ಕಳಕ್ಕೆ ಎಂದವರನ್ನು ಕೂರಿಸಿಕೊಂಡು 'ನಿಮಗೆ ಮಂಗಳೂರೇ ಒಳ್ಳೆಯದು' ಎಂದು ಅಲ್ಲಿಗೆ ಬಿಟ್ಟರೆ ಯಾರು ತಾನೇ ಸುಮ್ಮನಿರುತ್ತಾರೆ? ಈ ಮೂರನೆಯ ಬಗೆಯ ಕೋಚಿಂಗಿನ ತತ್ತ್ವವೆಲ್ಲ ಇಷ್ಟರಲ್ಲೇ ಅಡಗಿದೆ. ಗುರಿ ಹೋಗುವವರದು, ಕೋಚ್‌ನದ್ದಲ್ಲ.

ಸೂಲಗಿತ್ತಿಯ ಮಗ

ಈ ವಿಚಾರ ಹೊಸದೇನಲ್ಲ. ಗ್ರೀಸಿನ ತತ್ತ್ವಜ್ಞಾನಿ ಸಾಕ್ರೆಟಿಸನ ತಾಯಿ ಸೂಲಗಿತ್ತಿಯಾಗಿದ್ದಳು. ತಾನೂ ಅದೇ ಕಸುಬಿನವನು, ತಾಯಿ ಮಗುವನ್ನು ಹೊರತರುತ್ತಿದ್ದಳು, ತಾನು ಪ್ರಶ್ನೆ ಕೇಳಿ ಕೇಳಿ ಎದುರಿನವನ ವಿಚಾರವನ್ನು ಹೊರತರುತ್ತೇನೆ ಎಂದು ಅವನು ಹೇಳಿದನೆಂದು ಪ್ಲೇಟೋ ಬರೆದಿದ್ದಾನೆ. ಮಗು ಸೂಲಗಿತ್ತಿಯದಲ್ಲವಷ್ಟೆ.

20ನೆಯ ಶತಮಾನದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಚಿಕಿತ್ಸೆಯ ಕೋಣೆಯಲ್ಲಿ ಇದೇ ದಾರಿ ಹಿಡಿದರು. ಎದುರು ಕುಳಿತವರನ್ನು ತೂಗಿ ನೋಡದೆ, ಬುದ್ಧಿ ಹೇಳಲು ಅವಸರಪಡದೆ ಗಮನವಿಟ್ಟು ಕೇಳಿಸಿಕೊಂಡರೆ, ಅವರೇ ತಮ್ಮ ದಾರಿ ಕಂಡುಕೊಳ್ಳಬಲ್ಲರು ಎಂಬುದು ಅವರ ನಂಬಿಕೆ. 1974ರಲ್ಲಿ ತಿಮೋತಿ ಗಾಲ್ವೇ ಎಂಬ ಟೆನಿಸ್ ಶಿಕ್ಷಕರು ಒಂದು ಪುಸ್ತಕ ಬರೆದು, ಆಟಗಾರನ ದೊಡ್ಡ ಎದುರಾಳಿ ನೆಟ್‌ನ ಆಚೆ ಇರುವವನಲ್ಲ, ತಲೆಯೊಳಗೆ ಕುಳಿತು 'ಹಾಗೆ ಮಾಡು, ಹೀಗೆ ಮಾಡು' ಎಂದು ಗದರುವ ದನಿ ಎಂದರು. ಆ ಮಾತು ಆಟದ ಅಂಗಳದಿಂದ ಕಂಪೆನಿಗಳಿಗೆ ಹೋಯಿತು, ಅಲ್ಲಿಂದ ಮನೆಗಳಿಗೆ ಬಂತು. 1995ರಲ್ಲಿ ಅಮೆರಿಕದಲ್ಲಿ ಕೋಚ್‌ಗಳ ಅಂತಾರಾಷ್ಟ್ರೀಯ ಒಕ್ಕೂಟವೂ ಹುಟ್ಟಿ, ತನ್ನ ಸದಸ್ಯರಿಗೆ ನೀತಿ ಸಂಹಿತೆಯನ್ನು ರೂಪಿಸಿತು.

ಕೇಳಿದರೆ ಆಗುವ ಲಾಭ

ಬರೀ ಪ್ರಶ್ನೆ ಕೇಳುವುದರಿಂದ ಆರೋಗ್ಯ ಸುಧಾರಿಸುವುದುಂಟೇ ಎಂದು ನೀವು ಕೇಳಬಹುದು. ಔಷಧದ ಕೆಲಸವನ್ನು ಪ್ರಶ್ನೆ ಮಾಡದು, ನಿಜ. ಆದರೆ ಮಧುಮೇಹ, ರಕ್ತದೊತ್ತಡ, ಕುಡಿತ, ಬೊಜ್ಜು ಇವುಗಳಲ್ಲಿ ಔಷಧದಷ್ಟೇ ಮುಖ್ಯವಾದದ್ದು ದಿನನಿತ್ಯದ ನಡವಳಿಕೆ. ಅದನ್ನು ಬದಲಿಸಬೇಕಾದವರು ರೋಗಿಗಳೇ.

ಒಂದು ಉದಾಹರಣೆ ಊಹಿಸಿಕೊಳ್ಳಿ. 52 ವರ್ಷದ ಕೃಷಿಕರು, ಸಕ್ಕರೆ ಕಾಯಿಲೆಯವರು. 'ಅನ್ನ ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ' ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಾರೆ. ಇವರು 'ಆಯ್ತು ಡಾಕ್ಟ್ರೇ' ಎಂದು ತಲೆಯಾಡಿಸುತ್ತಾರೆ. ಗೇಟು ದಾಟುವಾಗಲೇ ಮರೆಯುತ್ತಾರೆ. ಮನೆಯಲ್ಲಿ ಹೆಂಡತಿ ಮಕ್ಕಳು ಹೇಳಿದಷ್ಟೂ ಹಟ ಹೆಚ್ಚುತ್ತದೆ. ಈಗ ಬಲ್ಲವರೊಬ್ಬರು ಬೇರೆ ರೀತಿ ಕೇಳುತ್ತಾರೆ:

'ದಿನಾ ನಡೆಯಬೇಕೆಂದು ನಿಮಗೆ ಎಷ್ಟು ಮನಸ್ಸುಂಟು? ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ?'

'ಒಂದು ನಾಲ್ಕು ಕೊಡಬಹುದು.'

'ನಾಲ್ಕು ಯಾಕೆ? ಒಂದೇ ಯಾಕಲ್ಲ?'

ಕೃಷಿಕರು ಸ್ವಲ್ಪ ಯೋಚಿಸುತ್ತಾರೆ. 'ನಮ್ಮ ಅಪ್ಪನಿಗೆ ಇದೇ ಸಕ್ಕರೆಯಿಂದ ಕಾಲು ತೆಗೆದದ್ದು ನೋಡಿದ್ದೇನೆ. ಮಗಳ ಮದುವೆ ಬೇರೆ ಆಗ್ಬೇಕು.'

'ಮತ್ತೆ ಅಡ್ಡಿ ಯಾವುದು?'

'ಬೆಳಿಗ್ಗೆ ತೋಟಕ್ಕೆ ನೀರು ಬಿಡ್ಲಿಕ್ಕುಂಟು. ಪುರುಸೊತ್ತಿಲ್ಲ. ಸಂಜೆ ಡೈರಿಗೆ ಹಾಲು ಕೊಡಲು ಸ್ಕೂಟರಲ್ಲಿ ಹೋಗ್ತೇನೆ... ಅದಕ್ಕೆ ಬೇಕಾದ್ರೆ ನಡೆದೇ ಹೋಗಬಹುದು.'

ಗಮನಿಸಿ, 'ಒಂದೇ ಯಾಕಲ್ಲ' ಎಂಬ ಪ್ರಶ್ನೆಯಿಂದ ಅವರು ತಮ್ಮ ಪರವಾಗಿ ತಾವೇ ವಾದಿಸತೊಡಗಿದರು. 'ಹತ್ತು ಯಾಕಲ್ಲ' ಎಂದು ಕೇಳಿದ್ದರೆ ನೆಪಗಳ ಪಟ್ಟಿ ಬರುತ್ತಿತ್ತು. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ಈ ಕ್ರಮವನ್ನು 1983ರಲ್ಲಿ ವಿವರಿಸಿದವರು ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು. 'ಕುಡಿಯಬೇಡ' ಎಂದು ಒತ್ತಾಯಿಸಿದಷ್ಟೂ ಕುಡಿಯುವವನು ಕುಡಿತದ ಪರವಾಗಿ ಮಾತಾಡುತ್ತಾನೆ, ಮಾತಾಡಿದಷ್ಟೂ ಅದನ್ನೇ ನಂಬುತ್ತಾನೆ ಎಂಬುದು ಅವರು ಕಂಡದ್ದು. ಮನೆಯಲ್ಲಿ ಕುಡಿಯುವವರಿದ್ದರೆ ಇದನ್ನು ನಿಮಗೆ ವಿವರಿಸಬೇಕಾಗಿಲ್ಲ. ಇಂದು ಈ ಕ್ರಮವನ್ನು ಮಧುಮೇಹ, ತಂಬಾಕು ಮುಂತಾದ ಕಡೆಗಳಲ್ಲೂ ಬಳಸುತ್ತಾರೆ.

ಕಂಬಳದ ಗದ್ದೆಯಿಂದ ಒಂದು ಉತ್ತರ

ಗುರಿ ಯಾರದು ಎಂಬ ಪ್ರಶ್ನೆಗೆ ನಮ್ಮ ಊರಿನ ಪಕ್ಕದಲ್ಲೇ ಒಂದು ಉತ್ತರವಿದೆ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ಇಷ್ಟು ಸಾಕಾಯಿತು. ದೇಶವೆಲ್ಲ ಮಾತಾಡಿತು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ಕೋಚ್‌ಗಳ ಮುಂದೆ ಓಡಿ ತೋರಿಸಲು ಕರೆದರು. ಕಟ್ಟಡದ ಕೆಲಸ ಮಾಡುತ್ತಿದ್ದ 28 ವರ್ಷದ ಯುವಕನಿಗೆ ಒಲಿಂಪಿಕ್ಸ್‌ನ ಕನಸನ್ನು ಊರೆಲ್ಲ ಸೇರಿ ಕಟ್ಟಿಕೊಟ್ಟಿತು.

ಶ್ರೀನಿವಾಸ ಗೌಡರು ಒಪ್ಪಲಿಲ್ಲ. ಟ್ರ್ಯಾಕ್‌ನ ಓಟವೇ ಬೇರೆ, ಕಂಬಳವೇ ಬೇರೆ ಎಂದರು. ಕೆಸರಿನಲ್ಲಿ ಓಡುವಾಗ ಹಿಮ್ಮಡಿಯ ಬಲ, ಟ್ರ್ಯಾಕ್‌ನಲ್ಲಿ ಬೆರಳುಗಳ ಬಲ. ಇಲ್ಲಿ ಕೋಣಗಳ ಪಾಲೂ ಇದೆ, ಅಲ್ಲಿ ಅದಿಲ್ಲ. ತನಗೆ ಕಂಬಳವೇ ಇರಲಿ ಎಂದರು. ಆಗ ಕೆಲವರು 'ಅವಕಾಶ ಕೈಬಿಟ್ಟ' ಎಂದು ಮರುಗಿದರು. ನನಗೆ ಹಾಗನಿಸುವುದಿಲ್ಲ. ತನ್ನ ಮೈಯ ಬಗ್ಗೆ, ತನ್ನ ಆಟದ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಕೊಟ್ಟ ತೀರ್ಮಾನವದು. ಒಳ್ಳೆಯ ಕೋಚ್ ಆಗಿದ್ದರೆ ಅವರನ್ನು ಒಲಿಸುವ ಮೊದಲು ಕೇಳುತ್ತಿದ್ದ ಪ್ರಶ್ನೆ, 'ನಿಮಗೆ ಓಡಬೇಕೆಂದಿದೆಯೇ?' ಎಂಬುದು.

ನಮ್ಮ ಮನೆಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಈ ಪ್ರಶ್ನೆಯನ್ನು ಎಷ್ಟು ಮಂದಿ ಕೇಳುತ್ತೇವೆ?

ಹಣ ಕೊಡುವವರು ಒಬ್ಬರು, ಕಲಿಯುವವರು ಇನ್ನೊಬ್ಬರು

ಈಗ ನೀತಿಯ ವಿಷಯಕ್ಕೆ ಬರೋಣ. ಇಲ್ಲಿ ಕಗ್ಗಂಟಾಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಶುಲ್ಕ ಕೊಡುವವರು ಒಬ್ಬರು, ಕುರ್ಚಿಯಲ್ಲಿ ಕೂರುವವರು ಇನ್ನೊಬ್ಬರಾದಾಗ.

ಏಕಲವ್ಯನ ಕಥೆ ನಿಮಗೆ ಗೊತ್ತೇ ಇದೆ. ನಾವು ಅದನ್ನು ಗುರುಭಕ್ತಿಯ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ. ಕೋಚ್‌ನ ಕಡೆಯಿಂದ ನೋಡಿದರೆ ಅದು ಬೇರೆಯೇ ಕಥೆ. ದ್ರೋಣರು ಹಸ್ತಿನಾಪುರದ ಅನ್ನ ಉಂಡವರು. ಅರ್ಜುನನಿಗೆ ಸಮನಾದವರು ಇರಬಾರದೆಂದು ಮಾತು ಕೊಟ್ಟವರು. ಹಾಗಿರುವಾಗ ತನ್ನನ್ನೇ ಗುರುವೆಂದು ನಂಬಿದ ಬೇಡರ ಹುಡುಗನ ಹೆಬ್ಬೆರಳನ್ನು ಕೇಳಿದರು. ಯಾರ ಹಿತ ಕಾಯಬೇಕೆಂಬುದು ಮೊದಲೇ ಸ್ಪಷ್ಟವಿಲ್ಲದಿದ್ದರೆ, ಕೊನೆಗೆ ಬೆರಳು ಹೋಗುವುದು ಬಲವಿಲ್ಲದವನದ್ದೇ. ಇಂಥವರ ಹೆಸರಿನಲ್ಲೇ ನಮ್ಮ ದೇಶ 1985ರಿಂದ ಉತ್ತಮ ಕ್ರೀಡಾ ತರಬೇತುದಾರರಿಗೆ ಪ್ರಶಸ್ತಿ ಕೊಡುತ್ತಾ ಬಂದಿದೆ ಎಂಬುದು ಬೇರೆ ಮಾತು.

ಇಂದಿನ ರೂಪದಲ್ಲಿ ಇದನ್ನು ನೋಡಿ. ಕಂಪೆನಿಯೊಂದು ತನ್ನ ನೌಕರನಿಗೆ ಕೋಚ್ ನೇಮಿಸುತ್ತದೆ. ನೌಕರ 'ಈ ಕೆಲಸ ಬಿಡಬೇಕೆಂದಿದ್ದೇನೆ' ಎಂದು ಹೇಳಿಕೊಳ್ಳುತ್ತಾನೆ. ಕೋಚ್ ಇದನ್ನು ಕಂಪೆನಿಗೆ ತಿಳಿಸಬಹುದೇ? ಬೇರೆ ಒಪ್ಪಂದವಿಲ್ಲದೆ ತಿಳಿಸುವಂತಿಲ್ಲ. ಯಾವ ಮಾತು ಗುಟ್ಟಾಗಿ ಉಳಿಯುತ್ತದೆ, ಯಾವುದು ಹೊರಗೆ ಹೋಗುತ್ತದೆ ಎಂಬುದನ್ನು ಮೂವರೂ ಆರಂಭದಲ್ಲೇ ಒಪ್ಪಿಕೊಂಡಿರಬೇಕು. ಅಂತಾರಾಷ್ಟ್ರೀಯ ಒಕ್ಕೂಟದ ಸಂಹಿತೆಯಲ್ಲಿ ಗೋಪ್ಯತೆ, ಸ್ಪಷ್ಟ ಒಪ್ಪಂದ, ಹಿತಾಸಕ್ತಿಯ ಘರ್ಷಣೆ ಇದ್ದರೆ ಹೇಳಿಬಿಡುವುದು, ತಮ್ಮಲ್ಲಿಗೆ ಬಂದವರ ಜೊತೆ ಪ್ರಣಯ ಅಥವಾ ಲೈಂಗಿಕ ಸಂಬಂಧ ಕೂಡದು ಎಂಬ ನಿಯಮಗಳಿವೆ.

ಮನೆಯ ವಿಷಯ ಇನ್ನೂ ಸೂಕ್ಷ್ಮ. ತಂದೆ ಹಣ ಕೊಟ್ಟಿದ್ದಾರೆ, ಮಗಳು ಕೋಚ್ ಹತ್ತಿರ ಮಾತಾಡುತ್ತಾಳೆ. ಸಂಜೆ ತಂದೆ ಫೋನ್ ಮಾಡಿ, 'ಏನಂದಳು? ಡಾಕ್ಟರ್ ಆಗ್ತಾಳಂತಾ?' ಎಂದು ಕೇಳುತ್ತಾರೆ. ಅವರ ಆತಂಕ ಸಹಜವೇ. ಆದರೆ ಆ ಫೋನಿಗೆ ಕೋಚ್ ಎಲ್ಲವನ್ನೂ ಉತ್ತರಿಸಿದರೆ, ಮುಂದಿನ ವಾರದಿಂದ ಮಗಳು ಅವರಿಗೆ ಕೇಳಬೇಕೆನಿಸಿದ್ದನ್ನಷ್ಟೇ ಹೇಳುತ್ತಾಳೆ. ಹಾಗೆಂದು ಗೋಪ್ಯತೆಗೆ ಮಿತಿಯಿಲ್ಲವೆಂದಲ್ಲ. ಜೀವಕ್ಕೆ ಅಪಾಯವಿರುವ ಮಾತು ಬಂದರೆ ಮನೆಯವರಿಗೆ ತಿಳಿಸಲೇಬೇಕು. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಮಿತಿಗಳನ್ನು ಮಗುವಿಗೂ ಮೊದಲ ದಿನವೇ ಹೇಳಿರಬೇಕು.

ಪರೀಕ್ಷಾ ಕೋಚಿಂಗ್ ಕೇಂದ್ರಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ರ್‍ಯಾಂಕಿನ ಖಾತರಿ ಕೊಡಬಾರದು ಎಂಬುದು ಅದರಲ್ಲಿದೆ. ಮೂರನೆಯ ಬಗೆಯ ಕೋಚ್‌ಗಳಿಗಾದರೋ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನೂ ಇಲ್ಲ, ಸರಕಾರಿ ನೋಂದಣಿಯೂ ಇಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಹೆಸರು ದಾಖಲಿಸಿರಬೇಕು, ಮನೋವೈದ್ಯರು ವೈದ್ಯಕೀಯ ಮಂಡಳಿಯಲ್ಲಿ. ಕೋಚ್ ಆಗಲು ಬೋರ್ಡು ತೂಗಿಹಾಕಿದರೆ ಸಾಕು. ಹಾಗಾಗಿ ಇಲ್ಲಿ ನೀತಿಯೊಂದೇ ಬೇಲಿ.

ಇದು ಆಲಸ್ಯವಲ್ಲ, ಕಾಯಿಲೆ

ಆರೋಗ್ಯದ ದೃಷ್ಟಿಯಿಂದ ಅತಿ ಮುಖ್ಯವಾದದ್ದು ಇದು. ಕೋಚ್ ತನ್ನ ಎಲ್ಲೆಯನ್ನು ಅರಿತಿರಬೇಕು.

ಪಿಯುಸಿ ಓದುವ ಹುಡುಗನೊಬ್ಬ ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಮಂಕಾಗಿದ್ದಾನೆ. ಇಷ್ಟಪಡುತ್ತಿದ್ದ ವಾಲಿಬಾಲ್ ಬೇಡವಾಗಿದೆ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, 'ನಾನು ಯಾವುದಕ್ಕೂ ಪ್ರಯೋಜನವಿಲ್ಲ' ಎನ್ನುತ್ತಾನೆ. ಇವು ಖಿನ್ನತೆ ಎಂಬ ಕಾಯಿಲೆಯ ಲಕ್ಷಣಗಳು. ಇವನನ್ನು ಕೂರಿಸಿ 'ನಿನ್ನ ಗುರಿ ಏನು, ಅದಕ್ಕೆ ಈ ವಾರ ಏನು ಮಾಡ್ತೀಯ' ಎಂದು ಕೇಳುವುದು, ಕಾಲು ಮುರಿದವನನ್ನು ಓಟಕ್ಕೆ ನಿಲ್ಲಿಸಿದಂತೆ. ಗುರಿ ತಲುಪಲಾಗದೆ ಅವನ ಅಪರಾಧಿ ಭಾವ ಇನ್ನಷ್ಟು ಹೆಚ್ಚುತ್ತದೆ. ಇಲ್ಲಿ ಕೋಚ್ ಮಾಡಬೇಕಾದ ಕೆಲಸ ಒಂದೇ, ವೈದ್ಯರಲ್ಲಿಗೆ ಕಳುಹಿಸುವುದು. ಸಾಯುವ ಮಾತು ಬಂದರಂತೂ ಒಂದು ದಿನವೂ ತಡಮಾಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ದೇಹದ ಕಾಯಿಲೆಗೂ ಇದೇ ಮಾತು. 'ನಮ್ಮ ಕಾರ್ಯಕ್ರಮಕ್ಕೆ ಸೇರಿದರೆ ಸಕ್ಕರೆಯ ಮಾತ್ರೆ ಬಿಡಬಹುದು' ಎನ್ನುವ ಕೋಚ್‌ಗಳಿದ್ದಾರೆ. ಆಹಾರ, ವ್ಯಾಯಾಮದಿಂದ ಕೆಲವರಿಗೆ ಔಷಧ ಕಡಿಮೆಯಾಗುವುದು ನಿಜವೇ. ಆದರೆ ಅದನ್ನು ಇಳಿಸುವವರು ರಕ್ತ ಪರೀಕ್ಷೆ ನೋಡಿದ ವೈದ್ಯರಾಗಿರಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೆ ಸಂಚಕಾರ ಬರಬಹುದು. ಸಲಹೆ ಕೊಡುವವರೇ ಪ್ರೊಟೀನ್ ಪುಡಿಯ ಡಬ್ಬಿಯನ್ನೂ ಮಾರುತ್ತಿದ್ದರೆ, ಅವರು ಕೋಚ್ ಅಲ್ಲ, ಅಂಗಡಿಯವರು.

ಎಲ್ಲದಕ್ಕೂ ಮನಸ್ಸೇ ಕಾರಣವೇ?

ಈ ತತ್ತ್ವದಲ್ಲಿ ಒಂದು ಕೊರತೆಯೂ ಇದೆ. ಎಲ್ಲ ಉತ್ತರವೂ ನಿಮ್ಮೊಳಗೇ ಇದೆ ಎನ್ನುವುದು ಕೇಳಲು ಚೆಂದ. ಆದರೆ ಹಾಸ್ಟೆಲಿನ ಹುಡುಗಿ ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದೂವರೆಗೆ ಮಲಗುತ್ತಿದ್ದರೆ, ತರಗತಿಯಲ್ಲಿ ತೂಕಡಿಸುವುದಕ್ಕೆ ಅವಳ ಛಲದ ಕೊರತೆ ಕಾರಣವಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅವಳಿಗೆ ಬೇಕಾದದ್ದು ಸ್ಫೂರ್ತಿಯ ಮಾತಲ್ಲ, ಬದಲಾದ ವೇಳಾಪಟ್ಟಿ. ಇಬ್ಬರ ಕೆಲಸವನ್ನು ಒಬ್ಬರೇ ಮಾಡುವ ಬ್ಯಾಂಕ್ ನೌಕರರಿಗೂ ಹಾಗೆಯೇ. ಹೊರಗಿನ ಅನ್ಯಾಯವನ್ನು ಒಳಗಿನ ದೌರ್ಬಲ್ಯವೆಂದು ನಂಬಿಸುವ ಕೋಚಿಂಗ್ ಆರೋಗ್ಯಕ್ಕೆ ಹಾನಿ.

ಇನ್ನೊಂದು, ಇದು ಒಂಟಿ ವ್ಯಕ್ತಿಯ ಆಯ್ಕೆಯನ್ನೇ ದೊಡ್ಡದೆಂದು ನೋಡುವ ಸಮಾಜದಲ್ಲಿ ಬೆಳೆದ ವಿಚಾರ. ನಮ್ಮಲ್ಲಿ ಬೀಡಿ ಕಟ್ಟಿ ಮಗಳನ್ನು ಓದಿಸುವ ತಾಯಿಗೆ 'ನಿಮ್ಮ ಸ್ವಂತ ಗುರಿ ಏನು' ಎಂದು ಕೇಳಿದರೆ ಅವಳು ಮಗಳ ಹೆಸರನ್ನೇ ಹೇಳುತ್ತಾಳೆ. ಅದು ತಪ್ಪು ಉತ್ತರವಲ್ಲ. ಮನೆಮಂದಿಯ ಜೊತೆ ಸೇರಿಕೊಂಡ ಗುರಿಯೂ ಗುರಿಯೇ. ಅದು ಅವಳು ಒಪ್ಪಿ ಹೊತ್ತದ್ದೋ, ಬೇರೆಯವರು ಹೊರಿಸಿದ್ದೋ ಎಂಬುದನ್ನಷ್ಟೇ ಕೋಚ್ ವಿಚಾರಿಸಬೇಕು.

ಹಣ ಕಟ್ಟುವ ಮುಂಚೆ

ಇಷ್ಟಾದ ಮೇಲೂ ನಿಮಗೆ ಕೋಚ್ ಬೇಕೆನಿಸಿದರೆ ಹೋಗಿ, ತಪ್ಪಿಲ್ಲ. ಕಾಯಿಲೆಯಿಲ್ಲ, ಆದರೆ ಒಂದು ತೀರ್ಮಾನಕ್ಕೆ ಬರಲಾಗುತ್ತಿಲ್ಲ, ಒಂದು ಅಭ್ಯಾಸ ಬದಲಿಸಬೇಕಾಗಿದೆ ಎನ್ನುವವರಿಗೆ ಒಳ್ಳೆಯ ಕೋಚ್‌ನಿಂದ ಸಹಾಯವಾದೀತು. ಮೊದಲ ಭೇಟಿಯಲ್ಲಿ ನೀವೇ ಕೆಲವು ಪ್ರಶ್ನೆ ಕೇಳಿ. ಎಲ್ಲಿ, ಎಷ್ಟು ಕಾಲ ತರಬೇತಿ ಪಡೆದಿದ್ದೀರಿ? ಯಾವ ನೀತಿ ಸಂಹಿತೆ ಪಾಲಿಸುತ್ತೀರಿ? ನಿಮ್ಮಿಂದಾಗದ ತೊಂದರೆಯವರನ್ನು ಯಾರಲ್ಲಿಗೆ ಕಳುಹಿಸುತ್ತೀರಿ? ಈ ಕೊನೆಯ ಪ್ರಶ್ನೆಗೆ 'ನಮ್ಮಿಂದಾಗದ್ದು ಯಾವುದೂ ಇಲ್ಲ' ಎಂದರೆ ಎದ್ದು ಬನ್ನಿ. ವರ್ಷದ ಹಣ ಒಮ್ಮೆಲೇ ಕಟ್ಟಿ ಎಂದರೂ ಹಾಗೆಯೇ. ಮಾತಿನ ನಡುವೆ ಗಡಿಯಾರದತ್ತ ಕಣ್ಣಿಟ್ಟು ನೋಡಿ, ಅರ್ಧ ಗಂಟೆಯಲ್ಲಿ ಯಾರು ಹೆಚ್ಚು ಮಾತಾಡಿದರು? ಅವರೇ ಆಗಿದ್ದರೆ ನೀವು ಉಪನ್ಯಾಸಕ್ಕೆ ಶುಲ್ಕ ಕೊಟ್ಟಿದ್ದೀರಿ.

ಮಗನನ್ನೋ ಮಗಳನ್ನೋ ಕರೆದೊಯ್ಯುವುದಾದರೆ ಹೊರಡುವ ಮೊದಲು ಅವರಿಗೆ ಮನಸ್ಸಿದೆಯೇ ಎಂದು ಕೇಳಿ. ಇಲ್ಲವೆಂದರೆ ಆ ವಾರ ಹೋಗಬೇಡಿ. ಹಣ ಉಳಿಯಿತು. ಯಾಕೆ ಬೇಡ ಎಂಬುದನ್ನು ಸಂಜೆ ಚಹಾ ಕುಡಿಯುತ್ತಾ ನೀವೇ ಕೇಳಬಹುದು, ನಡುವೆ ಬಾಯಿ ಹಾಕದೆ.